ಫೋನು ನಿಮ್ಮದು, ಬೀಗದ ಕೈ ಯಾರದು?

ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನೆಹರೂ ರಸ್ತೆ ಹಿಡಿದರೆ ಸಾಲುಸಾಲು ಮೊಬೈಲ್ ಅಂಗಡಿಗಳು. ಪ್ರತಿ ಅಂಗಡಿಯ ಗಾಜಿನ ಮೇಲೂ ಒಂದೊಂದು ಆಸೆ ಅಂಟಿಸಿದ್ದಾರೆ. ಒಂದು ಕಡೆ ‘ಸಾವಿರ ರೂಪಾಯಿಗೆ 4ಜಿ ಫೋನು’. ಇನ್ನೊಂದು ಕಡೆ ‘ಬಡ್ಡಿ ಸೊನ್ನೆ, ಆಧಾರ್ ತನ್ನಿ, ಫೋನ್ ಒಯ್ಯಿರಿ’. ಪೇಟೆಗೆ ಬಂದ ರೈತರು, ಕಾಲೇಜು ಹುಡುಗರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು ನಿಂತು ಓದುತ್ತಾರೆ, ಒಳಗೆ ಹೋಗುತ್ತಾರೆ. ಹೊರಗೆ ಬರುವಾಗ ಕೈಯಲ್ಲಿ ಡಬ್ಬ. ಡಬ್ಬದೊಳಗೆ ಫೋನು. ಫೋನಿನೊಳಗೆ ಬೀಗ! ಈ ಬೀಗದ ಸಂಗತಿ ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿ ಇದ್ದರೂ ಇರಬಹುದು. ಕನ್ನಡಕ ಹಾಕಿಕೊಂಡು ಓದಿದವರು ಕಡಿಮೆ.

ಹೊಸನಗರ ಕಡೆಯ ಹಿರಿಯರೊಬ್ಬರು ಇಂಥದೇ ಒಂದು ಅಂಗಡಿಯಲ್ಲಿ ಸಾವಿರ ರೂಪಾಯಿಯ ಗುಂಡಿ ಫೋನು ಕೊಂಡರು. ಪೇಟೆಯಲ್ಲಿ ಸಿಗ್ನಲ್ ಕಡ್ಡಿ ತುಂಬಾ ಇತ್ತು. ಮಗಳಿಗೆ ಮಾತಾಡಿದರು, ಖುಷಿಪಟ್ಟರು, ಬಸ್ಸು ಹತ್ತಿದರು. ಊರು ಬರುವ ಹೊತ್ತಿಗೆ ಕಡ್ಡಿಯೆಲ್ಲ ಮಾಯ. ಅವರ ಊರಿಗೆ ಆ ಕಂಪನಿಯ ಟವರ್ ಎಟುಕುವುದೇ ಇಲ್ಲ. ಅಲ್ಲಿ ಬರುವುದು ಬಿಎಸ್‌ಎನ್‌ಎಲ್ ಒಂದೇ, ಅದೂ ಹಿತ್ತಲಿನ ಹಲಸಿನ ಮರದ ಹತ್ತಿರ ಹೋಗಿ ನಿಂತರೆ. ಸರಿ, ಹಳೆಯ ಬಿಎಸ್‌ಎನ್‌ಎಲ್ ಸಿಮ್ಮು ತೆಗೆದು ಹೊಸ ಫೋನಿಗೆ ಹಾಕಿದರು. ಫೋನು ಒಪ್ಪಲಿಲ್ಲ. ವಾರದ ಮೇಲೆ ಬಸ್‌ಚಾರ್ಜು ಖರ್ಚು ಮಾಡಿಕೊಂಡು ಮತ್ತೆ ಅಂಗಡಿಗೆ ಬಂದರು.

‘ಎಂತ ಮಾರಾಯ್ರೆ, ಇದು ನಮ್ಮ ಸಿಮ್ ತಗೊಳ್ಳೂದೇ ಇಲ್ಲ?’

‘ಯಜಮಾನ್ರೆ, ಇದು ಕಂಪನಿ ಫೋನು. ಅವ್ರದೇ ಸಿಮ್ ಹಾಕ್ಬೇಕು. ಬೇರೇದು ನಡಿಯಲ್ಲ.’

‘ಹಂಗಾದ್ರೆ ದುಡ್ಡು ಕೊಟ್ಟಿದ್ದು ನಾನಾ, ಕಂಪನಿಯಾ?’

ಅಂಗಡಿಯ ಹುಡುಗನ ಹತ್ತಿರ ಇದಕ್ಕೆ ಉತ್ತರವಿರಲಿಲ್ಲ. ಹಿರಿಯರ ಪ್ರಶ್ನೆ ಮಾತ್ರ ಸರಿಯಾದ ಪ್ರಶ್ನೆಯೇ. ಕೊಂಡ ಮೇಲೂ ಪೂರ್ತಿ ನಿಮ್ಮದಾಗದ ಫೋನುಗಳು ಪೇಟೆಯಲ್ಲಿ ಎರಡು ಬಗೆ ಇವೆ. ಒಂದು, ಒಂದೇ ಕಂಪನಿಯ ಸಿಮ್ಮಿಗೆ ಕಟ್ಟಿಹಾಕಿದ್ದು. ಇನ್ನೊಂದು, ಯಾವ ಸಿಮ್ಮಾದರೂ ಹಾಕಿ ಆದರೆ ಕಂತು ತಪ್ಪಿದರೆ ಮುಚ್ಚಿಕೊಳ್ಳುವಂಥದ್ದು. ಇವೆರಡೂ ಇಲ್ಲದ್ದು ಬಿಡಿ ಫೋನು. ಅದಕ್ಕೆ ಅಂಗಡಿಯವರು ‘ಅನ್‌ಲಾಕ್’ ಎನ್ನುತ್ತಾರೆ.

501 ರೂಪಾಯಿಯ ಕಾಲ

ಈ ಕಟ್ಟುಪಾಡು ಹೊಸದೇನಲ್ಲ. ಈಗ ನಲವತ್ತು ದಾಟಿದವರಿಗೆ 2003ರ ಮಳೆಗಾಲ ನೆನಪಿರಬಹುದು. ರಿಲಯನ್ಸ್ ಇನ್ಫೋಕಾಂ ‘ಮಾನ್ಸೂನ್ ಹಂಗಾಮಾ’ ಎಂದು ಡಂಗುರ ಹೊಡೆಸಿ, 501 ರೂಪಾಯಿ ಕೈಗೆ ಹಾಕಿದವರಿಗೆ ಫೋನು ಕೊಟ್ಟಿತು. ಮಿಕ್ಕದ್ದು ಕಂತಿನಲ್ಲಿ. ಅಲ್ಲಿಯವರೆಗೆ ಮೊಬೈಲ್ ಅಂದರೆ ಡಾಕ್ಟರು, ಕಂಟ್ರಾಕ್ಟರುಗಳ ವಸ್ತು. ಅಂದಿನಿಂದ ಅದು ತರಕಾರಿ ಮಂಡಿಗೂ ಬಂತು. ಅಷ್ಟರ ಮಟ್ಟಿಗೆ ಆ ಕಂಪನಿಗೆ ಒಂದು ನಮಸ್ಕಾರ ಹೇಳಲೇಬೇಕು. ಆದರೆ ಅದು ಸಿಡಿಎಂಎ ಎಂಬ ಬೇರೆಯೇ ತಂತ್ರದ ಫೋನು. ಅದರಲ್ಲಿ ಸಿಮ್ಮು ಬೇರೆ, ಫೋನು ಬೇರೆ ಎಂಬ ಲೆಕ್ಕ ಇರಲಿಲ್ಲ; ನಂಬರು ಫೋನಿನ ಹೊಟ್ಟೆಯಲ್ಲೇ ಬೆಸೆದಿತ್ತು. ಕಂಪನಿ ಬಿಟ್ಟರೆ ಫೋನನ್ನೂ ಬಿಟ್ಟಂತೆ. ಮುಂದೆ ಆ ಸೇವೆ ನಿಂತಿತು. 2017ರ ಕೊನೆಗೆ ಆ ಕಂಪನಿ ಮೊಬೈಲ್ ಮಾತಿನ ಅಂಗಡಿಯನ್ನೇ ಮುಚ್ಚಿತು. ಫೋನುಗಳು ಮಕ್ಕಳ ಆಟಿಕೆಯಾದವು.

ಬಡವರ ಫೋನಿಗೆ ಮಾತ್ರ ಬೀಗ ಎಂದುಕೊಳ್ಳಬೇಡಿ. 2008ರ ಆಗಸ್ಟ್ 22ರಂದು ಏರ್‌ಟೆಲ್ ಮತ್ತು ವೊಡಾಫೋನ್ ಕಂಪನಿಗಳು ಐಫೋನ್ 3ಜಿಯನ್ನು ಭಾರತಕ್ಕೆ ತಂದವು. ಬೆಲೆ 31,000 ರೂಪಾಯಿಯಿಂದ ಶುರು. ಅದೇ ಫೋನು ಅಮೆರಿಕದಲ್ಲಿ 199 ಡಾಲರ್. ಯಾಕೆಂದರೆ ಅಲ್ಲಿ ಎರಡು ವರ್ಷ ಅದೇ ಕಂಪನಿಯ ಬಿಲ್ಲು ಕಟ್ಟುತ್ತೇನೆ ಎಂದು ಕರಾರು ಬರೆದುಕೊಡಬೇಕಿತ್ತು. ಫೋನಿನ ಉಳಿದ ಹಣ ತಿಂಗಳ ಬಿಲ್ಲಿನಲ್ಲಿ ಸದ್ದಿಲ್ಲದೆ ವಸೂಲಾಗುತ್ತಿತ್ತು. ಇಲ್ಲಿ ನಮ್ಮವರು ಪೂರ್ತಿ ಹಣ ಎಣಿಸಿದರೂ ಬೀಗ ಇದ್ದೇ ಇತ್ತು. ಬೆಲೆಯಲ್ಲಿ ರಿಯಾಯ್ತಿ ಇಲ್ಲ, ಬೀಗದಲ್ಲಿ ರಿಯಾಯ್ತಿ ಇಲ್ಲ!

ಆದರೂ ನಮ್ಮ ದೇಶದಲ್ಲಿ ಈ ಕರಾರಿನ ವ್ಯಾಪಾರ ಬೇರು ಬಿಡಲಿಲ್ಲ. ಕಾರಣ ಸರಳ. ಇಲ್ಲಿ ಬಹುಪಾಲು ಜನ ಮುಂಗಡ ರೀಚಾರ್ಜ್ ಮಾಡಿಸುವವರು, ತಿಂಗಳ ಬಿಲ್ಲಿನ ಗಿರಾಕಿಗಳಲ್ಲ. ಫೋನು ಒಂದು ಅಂಗಡಿಯಲ್ಲಿ, ಸಿಮ್ಮು ಪಕ್ಕದ ಬೀಡಾ ಅಂಗಡಿಯಲ್ಲಿ ಎಂಬ ಪದ್ಧತಿ ಮೊದಲೇ ನೆಲೆಯೂರಿತ್ತು. 2011ರ ಜನವರಿ 20ರಿಂದ ದೇಶದಾದ್ಯಂತ ನಂಬರು ಬದಲಾಯಿಸದೆ ಕಂಪನಿ ಬದಲಾಯಿಸುವ ಸೌಲಭ್ಯವೂ ಬಂತು. ಹೀಗಾಗಿ ಇವತ್ತಿಗೂ ಅಂಗಡಿಗಳಲ್ಲಿ ಮಾರಾಟವಾಗುವ ಸ್ಮಾರ್ಟ್‌ಫೋನುಗಳಲ್ಲಿ ಹೆಚ್ಚಿನವು ಸಿಮ್ಮಿನ ಮಟ್ಟಿಗೆ ಬಿಡಿ ಫೋನುಗಳೇ.

ಹಳೆಯ ರೂಢಿ ಬೇರೆ ವೇಷದಲ್ಲಿ ವಾಪಸು ಬಂದದ್ದು 2017ರಲ್ಲಿ. ಆ ವರ್ಷ ಜುಲೈ 21ರಂದು ಮುಖೇಶ್ ಅಂಬಾನಿ ಜಿಯೋಫೋನ್ ತೋರಿಸಿದರು. ‘ಫೋನು ಪುಕ್ಕಟೆ, 1,500 ರೂಪಾಯಿ ಠೇವಣಿ, ಮೂರು ವರ್ಷದ ಮೇಲೆ ವಾಪಸು’. ಊರೂರಲ್ಲಿ ಕ್ಯೂ ನಿಂತಿತು. ಷರತ್ತು ಆಮೇಲೆ ತಿಳಿಯಿತು: ವರ್ಷಕ್ಕೆ ಕನಿಷ್ಠ 1,500 ರೂಪಾಯಿ ರೀಚಾರ್ಜ್ ಆಗಬೇಕು, ಫೋನನ್ನು ಹಿಂದಕ್ಕೆ ಕೊಟ್ಟರೆ ಮಾತ್ರ ಠೇವಣಿ, ಬೇರೆ ಕಂಪನಿಯ ಸಿಮ್ಮು ನಡೆಯುವುದಿಲ್ಲ. ಅದೇ ಅಕ್ಟೋಬರಿನಲ್ಲಿ ಏರ್‌ಟೆಲ್ ಕಾರ್ಬನ್ ಕಂಪನಿಯ ಜೊತೆ ಸೇರಿ 2,899 ರೂಪಾಯಿಯ ಸ್ಮಾರ್ಟ್‌ಫೋನು ಬಿಟ್ಟಿತು. 1,500 ರೂಪಾಯಿ ವಾಪಸು ಎಂದಿತು. ಫೋನಿಗೆ ಬೀಗ ಇರಲಿಲ್ಲ, ವಾಪಸು ಬರುವ ನೋಟಿಗೆ ಇತ್ತು. ಮೂರು ವರ್ಷದಲ್ಲಿ 6,000 ರೂಪಾಯಿ ರೀಚಾರ್ಜ್ ಮಾಡಿಸಿದವರಿಗೆ ಮಾತ್ರ ಆ 1,500, ಅದೂ ಎರಡು ಕಂತಿನಲ್ಲಿ.

ಹಾಗಾದರೆ ಕಂಪನಿ ಫೋನು ಕೊಳ್ಳುವುದೇ ದಡ್ಡತನವೇ? ಹಾಗೂ ಅನ್ನಲಾಗದು. ಲೆಕ್ಕ ಹಾಕೋಣ. 2023ರ ಜುಲೈನಲ್ಲಿ ಜಿಯೋ ಭಾರತ್ ಎಂಬ 999 ರೂಪಾಯಿಯ ಫೋನು ಬಂದಾಗ ಅದರ 28 ದಿನದ ಪ್ಲಾನು 123 ರೂಪಾಯಿ. ವರ್ಷಕ್ಕೆ ಹದಿಮೂರು ಸಲ ಹಾಕಿಸಿದರೆ 1,599. ಆಗ ಬೇರೆ ಕಂಪನಿಗಳಲ್ಲಿ ಅನಿಯಮಿತ ಮಾತಿಗೆ 28 ದಿನಕ್ಕೆ 179 ರೂಪಾಯಿ, ವರ್ಷಕ್ಕೆ 2,327. ಒಂದೇ ವರ್ಷದಲ್ಲಿ 728 ರೂಪಾಯಿ ಉಳಿತಾಯ. ಎರಡು ವರ್ಷ ತುಂಬುವ ಮೊದಲೇ ಫೋನಿನ ಬೆಲೆ ಗಿಟ್ಟಿತು. 2024ರ ಜುಲೈ ಮೊದಲ ವಾರ ಖಾಸಗಿ ಕಂಪನಿಗಳೆಲ್ಲ ಒಟ್ಟಿಗೆ ದರ ಏರಿಸಿದಾಗಲೂ ಈ ಫೋನಿನವರ ದರವನ್ನು ಜಿಯೋ ಮುಟ್ಟಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವವರಿಗೆ, ಬೆಳಗ್ಗೆಯಿಂದ ಸಂಜೆವರೆಗೆ ಪೇಟೆಯಲ್ಲೇ ಇರುವವರಿಗೆ, ಮಾತು ಮತ್ತು ಯುಪಿಐ ಸಾಕು ಎನ್ನುವವರಿಗೆ ಇದು ಲಾಭದ ಬಾಬ್ತು. ಮೋಸ ಎನ್ನುವಂತಿಲ್ಲ.

ತೊಂದರೆ ಇರುವುದು ಮಲೆನಾಡಿನಲ್ಲಿ. ಇಲ್ಲಿ ಒಂದು ಗುಡ್ಡ ದಾಟಿದರೆ ಒಂದು ಕಂಪನಿ, ಇನ್ನೊಂದು ಗುಡ್ಡ ದಾಟಿದರೆ ಮತ್ತೊಂದು. ತೀರ್ಥಹಳ್ಳಿ, ಹೊಸನಗರ, ಸಾಗರದ ಬಸ್ಸು ಹತ್ತುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಥ ಕಡೆ ಎರಡು ಸಿಮ್ಮು ಹಾಕಲು ಬರುವ ಬಿಡಿ ಫೋನು ಶೋಕಿಯಲ್ಲ, ಅಗತ್ಯ. ರಾತ್ರಿ ಹೊತ್ತು ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಸಿಗ್ನಲ್ ಇರುವ ಕಂಪನಿಯೇ ಬೇಕು, ಅಗ್ಗದ ಕಂಪನಿ ಅಲ್ಲ.

2024ರ ಆ ದರ ಏರಿಕೆ ಬಿಡಿ ಫೋನಿನ ಬೆಲೆಯನ್ನು ತೋರಿಸಿಕೊಟ್ಟಿತು. ಜಿಯೋದ 239ರ ಪ್ಲಾನು 299 ಆಯಿತು, ಏರ್‌ಟೆಲ್‌ನ 179ರದ್ದು 199. ದರ ಏರಿಸದ ಬಿಎಸ್‌ಎನ್‌ಎಲ್ ಕಡೆ ಜನ ಹೊರಟರು. ಹೊರಡುವುದೂ ಸುಲಭ: ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಒಂದು ಜಾಗ ಬಿಟ್ಟು, ನಿಮ್ಮ ನಂಬರು ಸೇರಿಸಿ 1900ಕ್ಕೆ ಮೆಸೇಜು ಹಾಕಿದರೆ ಒಂದು ಕೋಡ್ ಬರುತ್ತದೆ. ಅದನ್ನು ಹೊಸ ಕಂಪನಿಯ ಅಂಗಡಿಗೆ ಒಯ್ದರಾಯಿತು. ಈಗಿನ ಕಂಪನಿಯಲ್ಲಿ 90 ದಿನ ತುಂಬಿರಬೇಕು, ಹಳೆಯ ಬಾಕಿ ಇರಬಾರದು, ಅಷ್ಟೆ. ಆದರೆ ನಂಬರು ಹೊರಟರೂ ಕಟ್ಟು ಹಾಕಿದ ಫೋನು ಹೊರಡುವುದಿಲ್ಲವಲ್ಲ! ಇನ್ನೊಂದು ಮಾತು. ಬಿಡಿ ಫೋನು ಅಂದ ಮಾತ್ರಕ್ಕೆ ಎಲ್ಲ ಕಂಪನಿಯ 4ಜಿಯೂ ಅದಕ್ಕೆ ಬರುತ್ತದೆ ಅಂತಲ್ಲ. ಬಿಎಸ್‌ಎನ್‌ಎಲ್ ತನ್ನ ಸ್ವದೇಶಿ 4ಜಿಯನ್ನು ದೇಶಕ್ಕೆಲ್ಲ ಎಂದು 2025ರ ಸೆಪ್ಟೆಂಬರ್ 27ರಂದು ಉದ್ಘಾಟನೆ ಮಾಡಿಸಿತು. ಅದಕ್ಕೆ ಬಳಸುವ ಅಲೆಗಳಲ್ಲಿ 700 ಮೆಗಾಹರ್ಟ್ಸ್‌ನದೂ ಒಂದು. ಫೋನಿನ ಡಬ್ಬದ ಮೇಲೆ ‘ಬ್ಯಾಂಡ್ 28’ ಇದೆಯೇ ಎಂದು ಕೇಳಿ ಕೊಂಡರೆ ಆಮೇಲೆ ಪೇಚಾಡುವುದು ತಪ್ಪುತ್ತದೆ.

ಅಮೆರಿಕದ ಮಗ ತಂದ ಫೋನು

ಇದು ರವೀಂದ್ರನಗರ, ರಾಜೇಂದ್ರನಗರದ ಮನೆಗಳ ಕಥೆ. ಮಗನೋ ಅಳಿಯನೋ ರಜಕ್ಕೆ ಬರುವಾಗ ಅಪ್ಪನಿಗೆಂದು ತನ್ನ ಐಫೋನು ತರುತ್ತಾನೆ. ಅವನು ಮತ್ತೆ ವಿಮಾನ ಹತ್ತಿದ ಮೇಲೆ ಅಪ್ಪ ಸಿಮ್ಮು ಹಾಕಲು ಅಂಗಡಿಗೆ ಬರುತ್ತಾರೆ. ಅಲ್ಲಿ ಎರಡು ಸಮಸ್ಯೆ. ಕಂಪನಿಯ ಕಂತು ತೀರದೆ ಇದ್ದರೆ ಫೋನು ಅಲ್ಲಿನ ಕಂಪನಿಗೇ ಅಂಟಿಕೊಂಡಿರುತ್ತದೆ. ಇನ್ನೊಂದು, 2022ರ ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರಿದ ಐಫೋನುಗಳಿಗೆ ಸಿಮ್ಮು ತೂರಿಸುವ ಕಿಂಡಿಯೇ ಇಲ್ಲ, ಇ-ಸಿಮ್ ಮಾತ್ರ. ಮಗನಿಗೆ ಮೊದಲೇ ಹೇಳಬೇಕಾದದ್ದು ಇಷ್ಟೆ: ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರಲ್ಲಿ ಅಬೌಟ್ ತೆರೆದು ‘ಕ್ಯಾರಿಯರ್ ಲಾಕ್’ ಎಂಬ ಸಾಲು ನೋಡು, ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದಿದ್ದರೆ ತಾ, ಇಲ್ಲದಿದ್ದರೆ ಅಲ್ಲೇ ಬೀಗ ತೆಗೆಸಿಕೊಂಡು ಬಾ.

ಆ ದೇಶದಲ್ಲಿ ಈ ಬೀಗ ಕೋರ್ಟು, ಪಾರ್ಲಿಮೆಂಟಿನ ವಿಷಯವೇ ಆಗಿಹೋಗಿದೆ. 2013ರಲ್ಲಿ ಕಂಪನಿಯನ್ನು ಕೇಳದೆ ಹೊಸ ಫೋನಿನ ಬೀಗ ತೆಗೆಯುವುದು ಕಾನೂನುಬಾಹಿರವಾಯಿತು. ಜನ ಗಲಾಟೆ ಮಾಡಿದರು. 2014ರ ಆಗಸ್ಟ್ 1ರಂದು ಒಬಾಮಾ ಬೇರೆ ಕಾಯ್ದೆಗೆ ಸಹಿ ಹಾಕಿ ಅದನ್ನು ಸರಿಪಡಿಸಿದರು. ಕೆನಡಾ 2017ರ ಡಿಸೆಂಬರಿನಲ್ಲಿ, ಇಂಗ್ಲೆಂಡ್ 2021ರ ಡಿಸೆಂಬರಿನಲ್ಲಿ ಬೀಗ ಹಾಕಿದ ಫೋನು ಮಾರುವುದನ್ನೇ ನಿಲ್ಲಿಸಿದವು.

ಕಂತು ತಪ್ಪಿದರೆ ಪರದೆ ಕಪ್ಪು

ಸಿಮ್ಮಿನ ಬೀಗಕ್ಕಿಂತ ನಮ್ಮೂರಿನಲ್ಲಿ ಹೆಚ್ಚು ಕಾಡುತ್ತಿರುವುದು ಫೈನಾನ್ಸಿನವರ ಬೀಗ. ಕಂತಿನಲ್ಲಿ ಫೋನು ಕೊಳ್ಳುವಾಗ ಅಂಗಡಿಯಲ್ಲೇ ಒಂದು ಆ್ಯಪ್ ಕೂರಿಸುತ್ತಾರೆ. ಅದನ್ನು ನೀವು ತೆಗೆಯಲಾಗದು. ಫೋನನ್ನು ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡಿದರೂ ಅದು ಬೇತಾಳನಂತೆ ಮತ್ತೆ ಹೆಗಲೇರುತ್ತದೆ.

ವಿನೋಬನಗರದ ಕಡೆ ಲಗೇಜ್ ಆಟೊ ಓಡಿಸುವವರೊಬ್ಬರ ಅನುಭವ ಕೇಳಿ. ಸಿಮೆಂಟ್ ಅಂಗಡಿ, ಪ್ಲೈವುಡ್ ಅಂಗಡಿಯವರು ಫೋನು ಮಾಡಿದರೆ ಬಾಡಿಗೆ, ಇಲ್ಲದಿದ್ದರೆ ಇಲ್ಲ. ಮಳೆಗಾಲದಲ್ಲಿ ಕಟ್ಟಡದ ಕೆಲಸ ನಿಂತು ಬಾಡಿಗೆ ಇಳಿಯಿತು. ಐದನೇ ತಾರೀಖು ಬ್ಯಾಂಕಿನ ಖಾತೆಯಲ್ಲಿ ಕಂತಿಗೆ ಇನ್ನೂರು ರೂಪಾಯಿ ಸಾಲಲಿಲ್ಲ. ಕಂತು ಬೌನ್ಸ್ ಆಯಿತು. ಫೈನಾನ್ಸಿನವರದೊಂದು ದಂಡ, ಬ್ಯಾಂಕಿನವರದೊಂದು ದಂಡ. ಮೂರು ದಿನದ ಮೇಲೆ ಮಗಳ ಫೋಟೊ ಇದ್ದ ಪರದೆಯ ಮೇಲೆ ‘ಕಂತು ಬಾಕಿ’ ಎಂಬ ಬರಹ ಬಂತು. ಆಮೇಲೆ ಕ್ಯಾಮರಾ ನಿಂತಿತು. ಎಂಟನೇ ದಿನ ಬೆಳಗ್ಗೆ ನೋಡಿದರೆ ಫೋನೇ ಬಂದ್. ಫೈನಾನ್ಸಿನವರಿಗೆ ಫೋನು ಮಾಡಬಹುದು, ತುರ್ತು ಕರೆ ಮಾಡಬಹುದು, ಬೇರೇನೂ ಆಗದು.

‘ದುಡಿದು ಕಂತು ಕಟ್ಟೋಣ ಅಂದ್ರೆ ದುಡಿಯೋಕೆ ಬೇಕಾದ ಫೋನನ್ನೇ ಮುಚ್ಚಿದ್ರು ನೋಡಿ. ಗಿರಾಕಿ ಸ್ಕ್ಯಾನ್ ಮಾಡಿ ದುಡ್ಡು ಹಾಕಿದೀನಿ ಅಂತಾನೆ. ಬಂತೋ ಇಲ್ವೋ ನೋಡೋಕೂ ಆಗಲ್ಲ.’

ಕೊನೆಗೆ ಭಾವಮೈದುನನ ಹತ್ತಿರ ಕೈಸಾಲ ಮಾಡಿ ಕಟ್ಟಿದರು. ಸಂಜೆ ಹೊತ್ತಿಗೆ ಫೋನು ತೆರೆಯಿತು. ನಡುವೆ ಹೋದದ್ದು ನಾಲ್ಕು ದಿನದ ಬಾಡಿಗೆ. ಕಾಯಂ ಗಿರಾಕಿಯಾಗಿದ್ದ ಒಂದು ಪ್ಲೈವುಡ್ ಅಂಗಡಿಯವರು ಬೇರೆ ಆಟೊ ಗೊತ್ತು ಮಾಡಿಕೊಂಡರು.

ಅಂಗಡಿಯವರ ಕಡೆಯ ಮಾತೂ ಇದೆ. ‘ಸಾರ್, ಎರಡು ಕಂತು ಕಟ್ಟಿ ಸಿಮ್ ಕಿತ್ತೆಸೆದು ಊರು ಬಿಟ್ಟವ್ರು ಎಷ್ಟು ಜನ ಗೊತ್ತಾ? ಫೋನೇನು ಟ್ರ್ಯಾಕ್ಟರಾ, ಜಪ್ತಿ ಮಾಡ್ಕೊಂಡು ಎಳ್ಕೊಂಡು ಬರೋಕೆ? ಬೀಗ ಇಲ್ದಿದ್ರೆ ಆಟೊದವ್ರಿಗೆ, ಹೂವಿನವ್ರಿಗೆ ಸಾಲ ಯಾರ್ ಕೊಡ್ತಾರೆ?’ ಎನ್ನುತ್ತಾರೆ ನೆಹರೂ ರಸ್ತೆಯ ಒಬ್ಬ ವ್ಯಾಪಾರಿ. ಮಾತಿನಲ್ಲಿ ಹುರುಳಿದೆ. ಸಂಬಳದ ಚೀಟಿ ಇಲ್ಲದವರಿಗೆ ಬ್ಯಾಂಕು ಫೋನಿಗೆಂದು ಸಾಲ ಕೊಟ್ಟ ಉದಾಹರಣೆ ಹುಡುಕಬೇಕು. ಆದರೆ ಟ್ರ್ಯಾಕ್ಟರು ಜಪ್ತಿ ಮಾಡಲು ಮೊದಲು ನೋಟಿಸು ಬರುತ್ತದೆ, ನಾಲ್ಕು ಜನ ಬರುತ್ತಾರೆ, ಊರವರು ಮಾತಾಡುತ್ತಾರೆ. ಇಲ್ಲಿ ಎಲ್ಲೋ ಕೂತ ಕಂಪ್ಯೂಟರು ಒಂದು ಗುಂಡಿ ಒತ್ತಿದರೆ ಮುಗಿಯಿತು. ಯಾರ ಜೊತೆ ಜಗಳ ಆಡುವುದು? ರಿಸರ್ವ್ ಬ್ಯಾಂಕ್ ಕೂಡ ಈ ವಿಷಯದಲ್ಲಿ ತಲೆ ಕೆಡಿಸಿಕೊಂಡಿದೆ. ಇದು ಪರಿಶೀಲನೆಯಲ್ಲಿದೆ, ಗ್ರಾಹಕರ ಹಕ್ಕು ಮತ್ತು ಸಾಲ ಕೊಟ್ಟವರ ಅಗತ್ಯ ಎರಡನ್ನೂ ತೂಗಬೇಕು ಎಂಬ ಅರ್ಥದ ಮಾತನ್ನು ಗವರ್ನರ್ ಸಂಜಯ್ ಮಲ್ಹೋತ್ರಾ 2025ರ ಅಕ್ಟೋಬರಿನಲ್ಲಿ ಪತ್ರಕರ್ತರ ಮುಂದೆ ಹೇಳಿದ್ದರು.

ಇನ್ನು ‘ಬಡ್ಡಿ ಸೊನ್ನೆ’ ಎಂಬ ಬೋರ್ಡಿನ ಲೆಕ್ಕ. ಉದಾಹರಣೆಗೆ 12,000 ರೂಪಾಯಿಯ ಫೋನು ಹಿಡಿಯಿರಿ. ನಗದು ಕೊಟ್ಟು ಚೌಕಾಸಿ ಮಾಡಿದರೆ 11,400ಕ್ಕೆ ಬಂತೆನ್ನಿ. ಕಂತಿನಲ್ಲಾದರೆ ಮುಂಗಡ 3,000, ತಿಂಗಳಿಗೆ ಸಾವಿರದಂತೆ ಒಂಬತ್ತು ಕಂತು, ಮೇಲೆ ‘ಪ್ರೊಸೆಸಿಂಗ್’ ಎಂದು 500. ಒಟ್ಟು 12,500. ಅಂದರೆ ನಗದಿಗಿಂತ 1,100 ಹೆಚ್ಚು. ಮೊದಲ ದಿನವೇ 3,500 ಕೈಬಿಟ್ಟಿದ್ದರಿಂದ ನೀವು ನಿಜವಾಗಿ ಪಡೆದ ಸಾಲ 7,900. ಅದನ್ನು ಒಂಬತ್ತು ತಿಂಗಳಲ್ಲಿ 9,000 ಮಾಡಿ ತೀರಿಸುತ್ತೀರಿ. ಬಡ್ಡಿ ಹಾಕಿ ನೋಡಿದರೆ ತಿಂಗಳಿಗೆ ನೂರಕ್ಕೆ ಎರಡೂ ಮುಕ್ಕಾಲು ರೂಪಾಯಿಯ ಹತ್ತಿರ, ವರ್ಷಕ್ಕೆ ಶೇಕಡಾ 32ರ ಆಸುಪಾಸು. ಗಾಂಧಿ ಬಜಾರಿನ ವರ್ತಕರಿಗೆ ಈ ದರ ಕೇಳಿದರೆ ನಗು ಬಂದೀತು. ಸೊನ್ನೆ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ಬೋರ್ಡುಗಳು ಮಾತ್ರ ಇಳಿದಿಲ್ಲ.

ಕಂತಿನಲ್ಲೇ ಕೊಳ್ಳುವುದು ಅನಿವಾರ್ಯ ಎನ್ನುವವರು ಒಂದು ಕಾಗದ ಕೇಳಿ ಪಡೆಯಬೇಕು. ಅದರ ಹೆಸರು ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’. 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆಲ್ಲ ಇದನ್ನು ಕೊಡಲೇಬೇಕು, ಅದೂ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ. ಎಲ್ಲ ಖರ್ಚು ಸೇರಿಸಿ ವರ್ಷಕ್ಕೆ ಎಷ್ಟು ಶೇಕಡಾ ಬೀಳುತ್ತದೆ, ತಪ್ಪಿದರೆ ದಂಡವೆಷ್ಟು ಎಂಬುದು ಅದರಲ್ಲಿ ಇರಬೇಕು. ಕನ್ನಡದಲ್ಲಿ ಕೊಡಿ ಎಂದು ಕೇಳುವುದು ಹಕ್ಕು. ಹುಡುಗ ‘ಅದೆಲ್ಲಾ ಮೊಬೈಲಿಗೇ ಬರತ್ತೆ ಬಿಡಿ’ ಎಂದರೆ, ಬರುವವರೆಗೆ ಅಲ್ಲೇ ಕೂತಿರಬಹುದು.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರದು ಇನ್ನೂ ದೊಡ್ಡ ಫಜೀತಿ. ಬಸ್ಸಿನಲ್ಲಿ ಪಕ್ಕದ ಸೀಟಿನವನು ‘ಅರ್ಜೆಂಟು ದುಡ್ಡು ಬೇಕಿತ್ತಣ್ಣ, ನಾಲ್ಕು ಸಾವಿರಕ್ಕೆ ಕೊಡ್ತೀನಿ’ ಎಂದು ಹೊಳೆಯುವ ಫೋನು ತೆಗೆದರೆ, ಅದು ಕಂತು ತೀರದ ಫೋನೂ ಆಗಿರಬಹುದು, ಕದ್ದದ್ದೂ ಆಗಿರಬಹುದು. ಮೊದಲು ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿ 15 ಅಂಕಿಯ ನಂಬರು ತೆಗೆಯಬೇಕು. ಇಂಗ್ಲಿಷಿನ ಕೆ, ವೈ, ಎಂ ಅಕ್ಷರ ಬರೆದು ಜಾಗ ಬಿಟ್ಟು ಆ ನಂಬರು ಸೇರಿಸಿ 14422ಕ್ಕೆ ಮೆಸೇಜು ಹಾಕಿದರೆ ಸರ್ಕಾರದ ಪಟ್ಟಿಯಲ್ಲಿ ಅದು ಬಂದ್ ಆದ ಫೋನೇ ಎಂಬುದು ತಿಳಿಯುತ್ತದೆ. ಕಂತಿನ ಬಾಕಿ ಮಾತ್ರ ಇದರಿಂದ ತಿಳಿಯುವುದಿಲ್ಲ. ಅದಕ್ಕೆ ಬಿಲ್ಲು ಮತ್ತು ಸಾಲ ತೀರಿದ ಪತ್ರ ಕೇಳಬೇಕು. ಕೊಡುವವನ ಎದುರೇ ಫೋನನ್ನು ಪೂರ್ತಿ ಅಳಿಸಿ, ಮತ್ತೆ ಶುರು ಮಾಡಿ, ನಿಮ್ಮ ಸಿಮ್ಮು ಹಾಕಿ ನೋಡಬೇಕು. ಅಡಗಿದ ಬೀಗ ಆಗ ಹೊರಗೆ ಬರುತ್ತದೆ.

ಬೀಗ ಒಡೆದುಕೊಡುವ ‘ಎಕ್ಸ್‌ಪರ್ಟ್’ಗಳೂ ಸಿಗುತ್ತಾರೆ. ಐನೂರು ಕೊಡಿ, ಅರ್ಧ ಗಂಟೆ ಎನ್ನುತ್ತಾರೆ. ಕೆಲವರು ಆ 15 ಅಂಕಿಯನ್ನೇ ತಿದ್ದಲು ಹೋಗುತ್ತಾರೆ. 2023ರ ಟೆಲಿಕಮ್ಯುನಿಕೇಷನ್ಸ್ ಕಾಯ್ದೆಯಲ್ಲಿ ಅದಕ್ಕೆ 3 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ. ಐನೂರರ ಕೆಲಸಕ್ಕೆ ಐವತ್ತು ಲಕ್ಷ!

ಕೊನೆಯ ಕಂತು ಕಟ್ಟಿದ ಮೇಲೂ ಆ್ಯಪ್ ಫೋನಿನಲ್ಲೇ ಕೂತಿರುವುದುಂಟು. ಸಾಲ ತೀರಿದ ಪತ್ರ ಬರೆಸಿಕೊಂಡು, ಆ್ಯಪ್ ತೆಗೆಸಿಕೊಂಡೇ ಬರಬೇಕು. ಫೈನಾನ್ಸಿನವರು ಸತಾಯಿಸಿದರೆ ಮೊದಲು ಅವರಿಗೇ ಬರವಣಿಗೆಯಲ್ಲಿ ದೂರು ಕೊಟ್ಟು, 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಕಾಣದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ವಿಚಾರಿಸುವ ನಂಬರು 14448. ಅಂಗಡಿಯವರು ಬೀಗದ ಸಂಗತಿ ಮುಚ್ಚಿಟ್ಟು ಮಾರಿದ್ದರೆ ಗ್ರಾಹಕರ ಸಹಾಯವಾಣಿ 1915. ಹೊಸನಗರದ ಹಿರಿಯರಿಗೆ ಅಂಗಡಿಯ ಹುಡುಗ ಈ ನಂಬರು ಕೊಡಲಿಲ್ಲ. ಫೋನನ್ನು ಅರ್ಧ ಬೆಲೆಗೆ ವಾಪಸು ತೆಗೆದುಕೊಂಡು, ಅದೇ ಸಂಜೆ ಇನ್ನೊಬ್ಬರಿಗೆ ಮಾರಿದ.